ರೋಣ, ನರಗುಂದ, ಗಜೇಂದ್ರಗಡದವರಿಗೆ ಹತ್ತಿರದ ವಸ್ತುಸಂಗ್ರಹಾಲಯಗಳು: ಜೈನ ಕುಟುಂಬಗಳು ಏನು ನೋಡಬೇಕು, ಯಾವಾಗ ಹೋಗಬೇಕು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಭಾಗದ ಜೈನ ಕುಟುಂಬಗಳು ಯಾತ್ರೆಗೆ ಹೊರಟರೆ ಶ್ರವಣಬೆಳಗೊಳ, ಮೂಡಬಿದಿರೆ, ಕುಂಭೋಜ, ವರೂರು, ಇನ್ನೂ ದೂರವೆಂದರೆ ಸಮ್ಮೇದ ಶಿಖರಜಿ, ಪಾಲಿತಾಣಾ. ಇವೆಲ್ಲ ಆಗಬೇಕಾದ ಯಾತ್ರೆಗಳೇ. ಆದರೆ ಮನೆಯಿಂದ ಎರಡು ತಾಸಿನ ದಾರಿಯೊಳಗೆ ಸಾವಿರ ವರ್ಷದ ಜಿನಬಿಂಬಗಳು, ಯಕ್ಷಿಯರು, ಶಾಸನಗಳು ಮೂರು ವಸ್ತುಸಂಗ್ರಹಾಲಯಗಳಲ್ಲಿ ಇವೆ. ಲಕ್ಕುಂಡಿ, ಬಾದಾಮಿ ಮತ್ತು ಐಹೊಳೆ. ಶಾಲೆಯ ಪ್ರವಾಸದಲ್ಲಿ ಹತ್ತು ನಿಮಿಷ ಒಳಗೆ ಹೊಕ್ಕು ಹೊರಬಂದ ನೆನಪು ಬಿಟ್ಟರೆ ಬಹಳ ಮಂದಿಗೆ ಅಲ್ಲಿ ಏನಿದೆ ಎಂಬುದು ತಿಳಿಯದು. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಒಂದು ದಿನ ಹೋಗಿಬರುವ ಕುಟುಂಬಗಳಿಗೆ ನೆರವಾಗಲೆಂದು ಈ ವಿವರ.

ಈ ನೆಲದ ಜೈನ ಹಿನ್ನೆಲೆ

ಮ್ಯೂಸಿಯಂಗೆ ಹೋಗುವ ಮೊದಲು ನಮ್ಮ ಊರುಗಳ ಬಗ್ಗೆಯೇ ಸ್ವಲ್ಪ ತಿಳಿದಿದ್ದರೆ ಅಲ್ಲಿನ ಕಲ್ಲುಗಳು ಮಾತಾಡುತ್ತವೆ.

ಹಳೆಯ ರೋಣ ತಾಲ್ಲೂಕಿನ ನರೇಗಲ್‌ನಲ್ಲಿ 950ರ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ ಅದು. ಗಂಗ ದೊರೆ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ ಅಲ್ಲಿ ಬಸದಿ ಕಟ್ಟಿಸಿದಳು. ಆ ಬಸದಿಗೆ ಹೊಂದಿದ ದಾನಶಾಲೆಗೆ ದತ್ತಿ ಬಿಟ್ಟದ್ದನ್ನು ಶಾಸನ ಹೇಳುತ್ತದೆ. ತಲಕಾಡಿನ ಕಡೆಯ ಗಂಗರಿಗೆ ನರೇಗಲ್‌ನಲ್ಲಿ ಏನು ಕೆಲಸ ಎಂದು ಕೇಳುವವರು ಇದ್ದಾರೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನ ಕೈಯಲ್ಲಿ ಬೆಳ್ವೊಲ-300, ಪುಲಿಗೆರೆ-300, ಕಿಸುಕಾಡು-70 ನಾಡುಗಳಿದ್ದವು. ಇಂದಿನ ಗದಗ, ರೋಣ, ನರಗುಂದ, ಲಕ್ಷ್ಮೇಶ್ವರದ ಎರೆ ನೆಲವೆಲ್ಲ ಆ ಹೆಸರುಗಳಲ್ಲಿ ಅಡಗಿದೆ. ಕಿಸುಕಾಡು ನಾಡಿನ ಮುಖ್ಯ ಊರಾಗಿದ್ದ ಸೂಡಿಯಲ್ಲಿ ಬೂತುಗನ ಇನ್ನೊಬ್ಬ ರಾಣಿ ದೀವಳಾಂಬೆ ಬಸದಿ ಕಟ್ಟಿಸಿದಳೆಂದು 938ರ ಕಾಲ ಹಾಕಿದ ತಾಮ್ರಪಟವೊಂದು ಹೇಳುತ್ತದೆ. ಅದನ್ನು ಪ್ರಕಟಿಸಿದ ಫ್ಲೀಟ್ ಅವರು ಕೂಟ ಶಾಸನವೆಂದು ಸಂದೇಹಪಟ್ಟಿದ್ದಾರೆ. ನಮ್ಮವರು ಭಾಷಣಗಳಲ್ಲಿ ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದುಂಟು. ಎರಡನ್ನೂ ಹೇಳುವುದೇ ಸರಿ.

ನರಗುಂದ ತಾಲ್ಲೂಕಿನ ಕೊಣ್ಣೂರಿನ ಕಥೆ ಇನ್ನೂ ದೊಡ್ಡದು. ಶಾಸನಗಳಲ್ಲಿ ಅದರ ಹೆಸರು ಕೊಳನೂರು. ಅಮೋಘವರ್ಷ ನೃಪತುಂಗನ ಮಾಂಡಲಿಕ ಬಂಕೇಯ ಅಲ್ಲಿ ಜಿನಾಲಯ ಕಟ್ಟಿಸಿದ. ಬಂಕಾಪುರಕ್ಕೆ ಹೆಸರು ಬಂದದ್ದು ಇದೇ ಬಂಕೇಯನಿಂದ. ಅವನ ಬಿನ್ನಹದ ಮೇರೆಗೆ ಅಮೋಘವರ್ಷ 860ರ ಅಕ್ಟೋಬರಿನಲ್ಲಿ, ಚಂದ್ರಗ್ರಹಣದ ದಿನ, ದೇವೇಂದ್ರ ಮುನಿಗಳಿಗೆ ತಲೆಯೂರು ಎಂಬ ಊರನ್ನು ದತ್ತಿ ಕೊಟ್ಟ. ಇದನ್ನು ಮೊದಲು ತಾಮ್ರಪಟದಲ್ಲಿ ಬರೆಸಿತ್ತು. ಆ ತಾಮ್ರಪಟ ಇಂದು ಇಲ್ಲ. ಆದರೂ ವಿಷಯ ನಮಗೆ ತಿಳಿದಿದೆ. ಯಾಕೆಂದರೆ ಸುಮಾರು ಮುನ್ನೂರು ವರ್ಷದ ಬಳಿಕ, ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿ ಮುನಿಗಳು, ಕೊಳನೂರಿನ ಮಹಾಪ್ರಭುವಿನ ಕೋರಿಕೆಯಂತೆ, ಅದನ್ನು ಕಲ್ಲಿನ ಮೇಲೆ ನಕಲು ಮಾಡಿಸಿದರು. ಊರಿನ ಪರಮೇಶ್ವರ ದೇವಸ್ಥಾನದಲ್ಲಿ ಸಿಕ್ಕ ಆ ಕಲ್ಲಿನಿಂದಲೇ ಕೀಲ್‌ಹಾರ್ನ್ ಅದನ್ನು ಓದಿ ಅಚ್ಚು ಹಾಕಿಸಿದ್ದು. ನಕಲಿನಲ್ಲಿ ಕೆಲವು ವಿವರ ಹೆಚ್ಚುಕಡಿಮೆ ಆಗಿರಬಹುದು ಎಂದು ವಿದ್ವಾಂಸರು ಹೇಳಿದ್ದಾರೆ. ಆದರೆ ಆ ಕಲ್ಲು ಇಲ್ಲದಿದ್ದರೆ ಬಂಕೇಯ ಕಟ್ಟಿಸಿದ ಬಸದಿಯ ಹೆಸರನ್ನೂ ನರಗುಂದದವರು ಕೇಳುತ್ತಿರಲಿಲ್ಲ.

ರೋಣ ಊರಲ್ಲೇ ಕಪ್ಪು ಕಲ್ಲಿನ ಹಳೆಯ ಗುಡಿಗಳಿವೆ. 1884ರ ಮುಂಬಯಿ ಗೆಜೆಟಿಯರ್ ಅವನ್ನು ಪಟ್ಟಿ ಮಾಡುವಾಗ ಅನಂತಶಯನ, ಲೋಕನಾಥ, ಮಲ್ಲಿಕಾರ್ಜುನ ಗುಡಿಗಳ ಜೊತೆ ಪಾರ್ಶ್ವನಾಥನ ಗುಡಿಯನ್ನೂ ಹೇಳಿದೆ. ಭೀಮಸೇನ ಜೋಶಿಯವರು ಹುಟ್ಟಿದ ಊರು ಎಂದು ರೋಣವನ್ನು ಎಲ್ಲರೂ ಬಲ್ಲರು. ಈ ಗುಡಿಗಳನ್ನು ಊರವರೇ ನಿಂತು ನೋಡಿದ್ದು ಕಡಿಮೆ.

ಲಕ್ಕುಂಡಿ

ಗದಗದಿಂದ ಕೊಪ್ಪಳದ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರ್. ಶಾಸನಗಳ ಲೊಕ್ಕಿಗುಂಡಿ. ಮೂರೂ ತಾಲ್ಲೂಕಿನವರಿಗೆ ಗದಗದ ಮೇಲೆ ಹೋಗುವುದು ಸುಲಭ. ಗದಗದಿಂದ ಬಸ್ಸುಗಳು ಸಾಕಷ್ಟಿವೆ. ಗಜೇಂದ್ರಗಡದವರು ಸ್ವಂತ ವಾಹನವಿದ್ದರೆ ದಾರಿಯಲ್ಲಿ ನರೇಗಲ್ ನೋಡಿಕೊಂಡು ಬರಬಹುದು.

ಇಲ್ಲಿನ ಬ್ರಹ್ಮ ಜಿನಾಲಯವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಶಾಸನದ ಕಾಲ 1007, ಕಲ್ಯಾಣ ಚಾಲುಕ್ಯ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆ. ಅತ್ತಿಮಬ್ಬೆಯ ಕಥೆಯನ್ನು ನಮ್ಮ ಮನೆಗಳಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು, ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದವಳು, ಸಾವಿರದೈನೂರು ಜಿನಬಿಂಬ ಮಾಡಿಸಿ ಕೊಟ್ಟವಳು. ವ್ಯಾಪಾರಸ್ಥರ ಮನೆಯವರು ಇನ್ನೊಂದು ಮಾತನ್ನು ಮಕ್ಕಳಿಗೆ ಹೇಳಬಹುದು: ರನ್ನ ಮುಧೋಳದ ಬಳೆಗಾರರ ಮನೆಯ ಹುಡುಗ. ಬಳೆ ಮಾರುವ ಮನೆಯಿಂದ ಬಂದವನು ಕವಿಚಕ್ರವರ್ತಿ ಆದ.

ಬಸದಿಯ ಕಲ್ಲನ್ನು ಗಮನಿಸಬೇಕು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಇರುವುದು ಕೆಂಪು ಮರಳುಗಲ್ಲು. ದೊಡ್ಡ ದೊಡ್ಡ ಬಂಡೆ. ಇಲ್ಲಿ ನಯವಾದ, ಹಸಿರು-ನೀಲಿ ಛಾಯೆಯ ಬಳಪದ ಜಾತಿಯ ಕಲ್ಲು. ಈ ಕಲ್ಲನ್ನು ಬಳಸಿದ ಮೊದಮೊದಲ ಕಟ್ಟಡಗಳಲ್ಲಿ ಇದೂ ಒಂದೆಂದು ವಾಸ್ತುಶಿಲ್ಪ ಬಲ್ಲವರು ಹೇಳುತ್ತಾರೆ. ಮೆತ್ತಗಿನ ಕಲ್ಲು ಸಿಕ್ಕಿದ್ದಕ್ಕೇ ಮುಂದೆ ಕಾಶಿವಿಶ್ವನಾಥ ಗುಡಿಯಂಥ, ಆಮೇಲೆ ಹೊಯ್ಸಳರ ಗುಡಿಗಳಂಥ ಸಣ್ಣ ಕೆತ್ತನೆ ಸಾಧ್ಯವಾಯಿತು. ಅಂದರೆ ಒಬ್ಬ ಶ್ರಾವಿಕೆ ಕಟ್ಟಿಸಿದ ಬಸದಿಯಲ್ಲಿ ಆದ ಪ್ರಯೋಗ ನಾಡಿನ ಶಿಲ್ಪದ ದಾರಿಯನ್ನೇ ಬದಲಿಸಿತು.

ಒಳಗೆ ನವರಂಗದಲ್ಲಿ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿ ಎಂದು ಕರೆಯುವ ದೇವಿಯ ಮೂರ್ತಿಗಳಿವೆ. ಬಸದಿಯಲ್ಲಿ ಬ್ರಹ್ಮ ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹತ್ತನೆಯ ತೀರ್ಥಂಕರ ಶೀತಲನಾಥರ ಯಕ್ಷನ ಹೆಸರು ಬ್ರಹ್ಮ, ಅವನಿಗೂ ನಾಲ್ಕು ಮುಖ ಎಂಬುದನ್ನು ಅವರಿಗೆ ಹೇಳಿರಿ. ಹತ್ತಿರದ ನಾಗನಾಥ ಗುಡಿಯೂ ಮೊದಲು ಬಸದಿಯೇ ಆಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಿಲ್ಪ ಸಂಗ್ರಹಾಲಯ ಬಸದಿಯ ಹತ್ತಿರವೇ ಇದೆ. ಬಹಳ ಮಂದಿ ಬಸದಿ ನೋಡಿ, ಫೋಟೋ ತೆಗೆದು, ಮುಸುಕಿನ ಬಾವಿಗೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಗುಡಿಯಲ್ಲಿ ಇರುವ ಮೂರ್ತಿ ತನ್ನ ಜಾಗದಲ್ಲಿ ಕುಳಿತಿದೆ. ಸಂಗ್ರಹಾಲಯದಲ್ಲಿ ಇರುವುದು ಜಾಗ ಕಳೆದುಕೊಂಡ ಮೂರ್ತಿಗಳು. ಎರಡನ್ನೂ ಅದೇ ದಿನ ನೋಡಿದರೆ ಸಾವಿರ ವರ್ಷದಲ್ಲಿ ಏನೇನು ಆಯಿತೆಂಬುದು ತಾನೇ ತಿಳಿಯುತ್ತದೆ.

ಊರಲ್ಲಿ 101 ಗುಡಿ, 101 ಬಾವಿ ಇದ್ದವೆಂಬುದು ಹಳೆಯ ಮಾತು. ಮನೆಗಳ ಗೋಡೆ, ಕಟ್ಟೆ, ಹಿತ್ತಲುಗಳಲ್ಲಿ ಇಂದಿಗೂ ಕೆತ್ತನೆಯ ಕಲ್ಲು ಕಾಣುತ್ತವೆ. 2024ರ ಕೊನೆಯಲ್ಲಿ ಇಲ್ಲಿ ನಡೆದ ಪ್ರಾಚ್ಯಾವಶೇಷಗಳ ಅನ್ವೇಷಣೆಯ ಅಭಿಯಾನದಲ್ಲಿ ಊರವರೇ ಮನೆಮುಂದಿನ, ಹೊಲದ, ಓಣಿಯ ನೂರಾರು ಅವಶೇಷಗಳನ್ನು ತೋರಿಸಿ ಒಪ್ಪಿಸಿದರು. ಮನೆಯ ಕಲ್ಲನ್ನು ಕೊಡುವುದೆಂದರೆ ಸಣ್ಣ ಮಾತಲ್ಲ. ಅಜ್ಜನ ಕಾಲದಿಂದ ಕುಂಕುಮ ಹಚ್ಚಿ ಕೈಮುಗಿದ ಕಲ್ಲು ಇರುತ್ತದೆ.

ಬಾದಾಮಿ ಮತ್ತು ಐಹೊಳೆ

ನರಗುಂದದವರು ಕುಳಗೇರಿ ಕ್ರಾಸ್‌ನಲ್ಲಿ ಹೊರಳಿದರೆ ಬಾದಾಮಿ. ರೋಣ ತಾಲ್ಲೂಕಿನವರಿಗೆ ಹೊಳೆಆಲೂರಿನಿಂದ ರೈಲೂ ಇದೆ. ಬಾದಾಮಿ ಸ್ಟೇಷನ್ನು ಊರಿನಿಂದ ಸುಮಾರು 5 ಕಿಲೋಮೀಟರ್ ದೂರ. ಗಜೇಂದ್ರಗಡದವರಿಗೆ ಲಕ್ಕುಂಡಿಗಿಂತ ಬಾದಾಮಿಯೇ ಸಮೀಪ.

ಬಾದಾಮಿಯಲ್ಲಿ ಮೊದಲು ಗುಹೆ, ಆಮೇಲೆ ಮ್ಯೂಸಿಯಂ ಎಂಬ ಕ್ರಮ ಒಳ್ಳೆಯದು. ನಾಲ್ಕನೆಯದಾದ ಜೈನ ಗುಹೆ ಎಲ್ಲಕ್ಕಿಂತ ಮೇಲೆ ಇದೆ. ಮೊಣಕಾಲು ನೋವಿನ ಹಿರಿಯರು ಬೆಳಿಗ್ಗೆ ತಂಪಿನಲ್ಲೇ ಹತ್ತಬೇಕು, ನಡುವೆ ಕೂರುತ್ತ ಹೋಗಬೇಕು. ಪಾರ್ಶ್ವನಾಥ, ಬಾಹುಬಲಿಯ ದೊಡ್ಡ ಮೂರ್ತಿಗಳು ಅಲ್ಲಿವೆ. ಶ್ರವಣಬೆಳಗೊಳದ ಗೊಮ್ಮಟನಿಗಿಂತ ಬಹಳ ಹಳೆಯ ಬಾಹುಬಲಿ ಇವನು. ತಲೆಯ ಮೇಲೆ ಗುಂಗುರು ಕೂದಲಿಲ್ಲ, ಜಡೆ ಭುಜಕ್ಕೆ ಇಳಿದಿದೆ. ಮಕ್ಕಳಿಗೆ ಎರಡೂ ಮೂರ್ತಿಯ ಫೋಟೋ ಇಟ್ಟು ವ್ಯತ್ಯಾಸ ಹುಡುಕಲು ಹೇಳಿದರೆ ಅವರೇ ನಾಲ್ಕು ಹೇಳುತ್ತಾರೆ. ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂ ಅಗಸ್ತ್ಯ ತೀರ್ಥದ ಉತ್ತರ ದಂಡೆಯ ಮೇಲೆ, ಉತ್ತರದ ಕೋಟೆಯ ಬುಡದಲ್ಲಿದೆ.

ಐಹೊಳೆಯ ಮ್ಯೂಸಿಯಂ ದುರ್ಗ ಗುಡಿಯ ಆವರಣದಲ್ಲೇ ಇದೆ. ಜೈನ ಕುಟುಂಬಗಳು ಒಂದೇ ಒಂದು ಮೂರ್ತಿಯನ್ನು ನೋಡಲಿಕ್ಕಾದರೂ ಇಲ್ಲಿಗೆ ಹೋಗಬೇಕು. ಅದು ಅಂಬಿಕಾ ಯಕ್ಷಿ. ಮೇಗುತಿ ಬಸದಿಯಿಂದ ಬಂದದ್ದು. ಮರದ ಕೆಳಗೆ, ಸಿಂಹವಾಹಿನಿಯಾಗಿ, ಒಂದು ಕಾಲು ಇಳಿಬಿಟ್ಟು, ಸೇವಕಿಯರ ನಡುವೆ ಆರಾಮಾಗಿ ಕುಳಿತಿದ್ದಾಳೆ. ಮೂರ್ತಿ ಸವೆದಿದೆ, ಒಡೆದಿದೆ. ಆದರೂ ಅವಳು ಕುಳಿತ ಗತ್ತು ನೋಡಿದರೆ ಮನೆಯ ಹಿರಿಯಕ್ಕ ಪಡಸಾಲೆಯಲ್ಲಿ ಕುಳಿತಂತೆ ಕಾಣುತ್ತದೆ. ಮೇಗುತಿ ಎಂದರೆ ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ಶಕ 556ರಲ್ಲಿ, ಅಂದರೆ 634ರಲ್ಲಿ ರವಿಕೀರ್ತಿ ಕಟ್ಟಿಸಿದ ಬಸದಿ. ಅದರ ಗೋಡೆಯ ಶಾಸನ ಶಾಲೆಯ ಪುಸ್ತಕದಲ್ಲೆಲ್ಲ ಬರುತ್ತದೆ, ಬರೆದವನು ಜೈನ ಕವಿ ಎಂಬುದೂ ಬರುತ್ತದೆ. ಆ ಬಸದಿಯ ಯಕ್ಷಿ ಕೆಳಗೆ ಮ್ಯೂಸಿಯಂನಲ್ಲಿ ಇದ್ದಾಳೆಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಗುಡ್ಡ ಹತ್ತಿ ಬಸದಿ ನೋಡಿ ಇಳಿದ ಮೇಲೆ ಅವಳ ಮುಂದೆ ನಿಲ್ಲಬೇಕು.

ಬಾದಾಮಿಯಿಂದ ಐಹೊಳೆಗೆ ಪಟ್ಟದಕಲ್ಲಿನ ಮೇಲೆ ದಾರಿ. ಪಟ್ಟದಕಲ್ಲಿನ ಗುಡಿಗಳ ಗುಂಪಿನಿಂದ ಆಚೆ, ಬಾದಾಮಿ ರಸ್ತೆಯ ಮೇಲೆ ರಾಷ್ಟ್ರಕೂಟರ ಕಾಲದ ಬಸದಿ ಒಂಟಿಯಾಗಿದೆ. ಬಾಗಿಲ ಬಳಿಯ ದೊಡ್ಡ ಕಲ್ಲಾನೆಗಳು ಮಕ್ಕಳಿಗೆ ಇಷ್ಟವಾಗುತ್ತವೆ. ಮೂರನ್ನೂ ಒಂದೇ ದಿನ ನೋಡುವ ಹಟ ಬೇಡ.

ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹದಲ್ಲೂ ಈ ಭಾಗದ ಶಿಲ್ಪಗಳಿವೆ. ಸಂಸ್ಥೆ 1939ರದು, ಆಗ ಗದಗ, ರೋಣ, ನರಗುಂದ ಎಲ್ಲ ಧಾರವಾಡ ಜಿಲ್ಲೆಗೇ ಸೇರಿದ್ದವು. 1997ರಲ್ಲಿ ಗದಗ ಜಿಲ್ಲೆಯಾಯಿತು. ಕಾಲೇಜಿಗೆ ಮಕ್ಕಳನ್ನು ಬಿಡಲು ಧಾರವಾಡಕ್ಕೆ ಹೋಗುವವರು ಒಂದು ತಾಸು ಇಟ್ಟುಕೊಳ್ಳಬಹುದು.

ಜಿನಬಿಂಬವೋ, ಬುದ್ಧನೋ

ಮ್ಯೂಸಿಯಂಗಳಲ್ಲಿ ಪ್ರವಾಸಿಗಳು ಪದ್ಮಾಸನದ ಮೂರ್ತಿ ಕಂಡೊಡನೆ “ಬುದ್ಧ, ಬುದ್ಧ” ಎನ್ನುವುದು ದಿನಾ ಕೇಳುವ ಮಾತು. ಬೇರೆಯವರು ಹೇಳಿದರೆ ಹೋಗಲಿ. ನಮ್ಮ ಮಕ್ಕಳೇ ಹಾಗೆ ಹೇಳುತ್ತಾರೆ. ಇಲ್ಲಿ ಸಿಟ್ಟು ಮಾಡಿ ಉಪಯೋಗವಿಲ್ಲ, ಗುರುತು ಕಲಿಸಬೇಕು.

ಜಿನಬಿಂಬಕ್ಕೆ ಎರಡೇ ನಿಲುವು. ಪದ್ಮಾಸನ ಅಥವಾ ಪರ್ಯಂಕಾಸನದಲ್ಲಿ ಕುಳಿತದ್ದು, ಕಾಯೋತ್ಸರ್ಗದಲ್ಲಿ ನಿಂತದ್ದು. ಕುಳಿತಾಗ ಎರಡೂ ಕೈ ಮಡಿಲಲ್ಲಿ, ಅಂಗೈ ಮೇಲೆ. ಬುದ್ಧನಾದರೆ ಒಂದು ಕೈ ನೆಲ ಮುಟ್ಟಿರಬಹುದು, ಅಭಯ ನೀಡಿರಬಹುದು, ಬೋಧಿಸುತ್ತಿರಬಹುದು. ಮೈಮೇಲೆ ಚೀವರದ ಮಡಿಕೆ ಇರುತ್ತದೆ. ನಮ್ಮ ಭಾಗದ ಹಳೆಯ ಜಿನಬಿಂಬಗಳೆಲ್ಲ ದಿಗಂಬರ. ತಲೆಯ ಮೇಲೆ ಮುಕ್ಕೊಡೆ, ಎರಡೂ ಬದಿ ಚಾಮರಧಾರಿಗಳು, ಹಿಂದೆ ಪ್ರಭಾವಳಿ, ಕೆಳಗೆ ಸಿಂಹಪೀಠ. ಮುಕ್ಕೊಡೆ ಒಂದು ಕಂಡರೆ ಸಾಕು, ಬಹುಪಾಲು ಸಂದೇಹ ಮುಗಿಯಿತು.

ಯಾವ ತೀರ್ಥಂಕರರು ಎಂಬುದು ಅಷ್ಟು ಸುಲಭವಲ್ಲ. ಪೀಠದ ಮೇಲೆ ಲಾಂಛನ ಇದ್ದೇ ಇರುತ್ತದೆಂದು ನಾವು ಭಾವಿಸುತ್ತೇವೆ. ಕರ್ನಾಟಕದ ಹಳೆಯ ಬಿಂಬಗಳಲ್ಲಿ ಅನೇಕಕ್ಕೆ ಲಾಂಛನವೇ ಇಲ್ಲ. ಸಿಂಹ ಕಂಡೊಡನೆ ಮಹಾವೀರ ಎನ್ನುವುದೂ ತಪ್ಪು. ಸಿಂಹಪೀಠ ಎಲ್ಲ ತೀರ್ಥಂಕರರಿಗೂ ಉಂಟು. ಏಳು ಹೆಡೆ ಇದ್ದರೆ ಪಾರ್ಶ್ವನಾಥ, ಐದಿದ್ದರೆ ಸುಪಾರ್ಶ್ವನಾಥ, ಭುಜದ ಮೇಲೆ ಜಟೆ ಇಳಿದಿದ್ದರೆ ಆದಿನಾಥ ಇರಬಹುದು. ಉಳಿದವರನ್ನು ಪಕ್ಕದ ಯಕ್ಷ-ಯಕ್ಷಿಯರಿಂದ ಗುರುತಿಸುತ್ತಾರೆ. ತಿಳಿಯದಿದ್ದಾಗ “ತೀರ್ಥಂಕರ” ಎಂದಷ್ಟೇ ಬರೆದಿರುತ್ತಾರೆ. ಅದು ಉದಾಸೀನವಲ್ಲ, ಪ್ರಾಮಾಣಿಕತೆ.

ಗಜೇಂದ್ರಗಡ, ನರಗುಂದದ ಪೇಟೆಗಳಲ್ಲಿ ಶ್ವೇತಾಂಬರ ಕುಟುಂಬಗಳೂ ಇವೆ. ಮೂರ್ತಿಪೂಜಕರ ಮಕ್ಕಳು ಕಣ್ಣು ಕೂಡಿಸಿದ, ಅಂಗಿ-ಕಿರೀಟದ ಭಗವಾನರನ್ನು ಕಂಡು ಬೆಳೆದವರು. ಸ್ಥಾನಕವಾಸಿ ಮನೆಗಳ ಮಕ್ಕಳಿಗೆ ಮೂರ್ತಿಯ ಪರಿಚಯವೇ ಕಡಿಮೆ. ಅವರಿಗೆ ಈ ಬರಿಗಲ್ಲಿನ ಬಿಂಬ ಹೊಸದು. ಮ್ಯೂಸಿಯಂನಲ್ಲಿ ಎರಡೂ ಪಂಥದ ಮಕ್ಕಳು ಜೊತೆಗೆ ನಿಂತು ಮಾತಾಡಿಕೊಂಡರೆ ಅದೇ ಒಂದು ಪಾಠ.

ನಡವಳಿಕೆ

ಇದರ ಬಗ್ಗೆ ನಮ್ಮ ಮನೆಗಳಲ್ಲೇ ಭಿನ್ನಾಭಿಪ್ರಾಯವಿದೆ. ಹಿರಿಯರಿಗೆ ಜಿನಬಿಂಬದ ಮುಂದೆ ಚಪ್ಪಲಿ ಹಾಕಿಕೊಂಡು ಓಡಾಡುವುದು ಸಹಿಸುವುದಿಲ್ಲ. ಮ್ಯೂಸಿಯಂನಲ್ಲಿ ಚಪ್ಪಲಿಗೆ ತಡೆ ಇರುವುದಿಲ್ಲ. ಬೇಕಾದವರು ಬಾಗಿಲಲ್ಲೇ ಬಿಟ್ಟು ಹೋಗಬಹುದು. ಬೇರೆಯವರನ್ನು ಬೈಯುವುದು ಬೇಡ. ಒಡೆದ ಬಿಂಬಕ್ಕೆ ಪೂಜೆಯಿಲ್ಲ ಎಂಬುದು ನಮ್ಮ ಪರಂಪರೆಯಲ್ಲೇ ಇದೆ. ಆದ್ದರಿಂದ ಅಭಿಷೇಕ, ಅಕ್ಷತೆ, ಹೂವು, ದೀಪ, ಕುಂಕುಮ ಯಾವುದೂ ಅಲ್ಲಿ ಬೇಡ. ಮನಸ್ಸಿನಲ್ಲಿ ಣಮೋಕಾರ ಹೇಳಿ ಕೈಮುಗಿದರೆ ಯಾರೂ ತಡೆಯುವುದಿಲ್ಲ. ಎಣ್ಣೆಗೈ ತಾಗಿದರೆ ಕಲ್ಲಿನ ಮೇಲೆ ಜಿಡ್ಡು ಕೂತು ಧೂಳು ಹಿಡಿಯುತ್ತದೆ. ಪಾದ ಮುಟ್ಟಿ ನಮಸ್ಕರಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಶಾಸನದ ಅಕ್ಷರ ಕಾಣಲೆಂದು ಸುಣ್ಣ, ಹಿಟ್ಟು, ಚಾಕ್‌ಪೀಸು ತಿಕ್ಕುವವರನ್ನು ಕಂಡರೆ ಮೆತ್ತಗೆ ಹೇಳಿ ತಡೆಯಿರಿ. ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರ ತಾನೇ ಕಾಣುತ್ತದೆ.

ಕಾವಲಿನವರ ಜೊತೆ ಸ್ನೇಹದಿಂದ ಮಾತಾಡಿ. “ಅಣ್ಣಾರ, ಜೈನರ ಮೂರ್ತಿ ಎಲ್ಲೆಲ್ಲಿ ಅದಾವ್ರೀ?” ಎಂದರೆ ಫಲಕದಲ್ಲಿ ಇಲ್ಲದ್ದನ್ನೂ ತೋರಿಸುತ್ತಾರೆ. ಹೊರಾಂಗಣದಲ್ಲಿ, ಗೋಡೆಯ ಬುಡದಲ್ಲಿ ಇಟ್ಟ ಕಲ್ಲುಗಳನ್ನು ಹಾಗೆ ಕೇಳಿಯೇ ನೋಡಬೇಕು. ಫೋಟೋಗೆ ಅನುಮತಿ ಉಂಟೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಕಾರ್ಯಕ್ರಮಗಳು ಯಾವಾಗ

ಏಪ್ರಿಲ್ 18 ವಿಶ್ವ ಪರಂಪರೆ ದಿನ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, 1977ರಿಂದ ನಡೆದುಬಂದಿದೆ. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಈ ದಿನಗಳಲ್ಲಿ ಸರ್ವೇಕ್ಷಣ ಇಲಾಖೆಯ ಸ್ಥಳಗಳಲ್ಲಿ ಛಾಯಾಚಿತ್ರ ಪ್ರದರ್ಶನ, ಉಪನ್ಯಾಸ, ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ ಇಂಥವು ನಡೆಯುತ್ತವೆ. ಕೆಲವು ದಿನ ಪ್ರವೇಶ ಉಚಿತವೂ ಇರುತ್ತದೆ. ಮೇ ತಿಂಗಳು ರಜೆಯ ಕಾಲ, ಊರಿಗೆ ಬಂದ ಮೊಮ್ಮಕ್ಕಳನ್ನು ಕರೆದೊಯ್ಯಲು ಅನುಕೂಲ, ಆದರೆ ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ. ನವೆಂಬರ್ ಸಪ್ತಾಹ ಎಲ್ಲ ರೀತಿಯಲ್ಲೂ ಒಳ್ಳೆಯದು; ಚಾತುರ್ಮಾಸವೂ ಸಾಮಾನ್ಯವಾಗಿ ಮುಗಿದಿರುತ್ತದೆ.

ಲಕ್ಕುಂಡಿ ಉತ್ಸವ, ಚಾಲುಕ್ಯ ಉತ್ಸವಗಳ ದಿನಾಂಕ ವರ್ಷವರ್ಷ ಬದಲಾಗುತ್ತದೆ. ಜಿಲ್ಲಾಡಳಿತ ಪ್ರಕಟಿಸಿದ ಮೇಲೆಯೇ ಹೊರಡಬೇಕು. ಜನ ಸೇರುವುದು ಸಂಜೆಯ ಹಾಡು, ನೃತ್ಯಕ್ಕೆ. ನಿಜವಾದ ಹುರುಳು ಹಗಲಿನ ವಿಚಾರಗೋಷ್ಠಿಯಲ್ಲಿ ಇರುತ್ತದೆ, ಅಲ್ಲಿ ಕುರ್ಚಿ ಖಾಲಿ ಇರುತ್ತವೆ. ಶಾಸನ ಓದಬಲ್ಲವರು, ಶಿಲ್ಪ ಬಲ್ಲವರು ಬಂದಿರುತ್ತಾರೆ. ಅತ್ತಿಮಬ್ಬೆಯ ಹೆಸರಿನ ಗೋಷ್ಠಿಯಲ್ಲಿ ಜೈನ ಕುಟುಂಬದವರೇ ಇಲ್ಲದಿದ್ದರೆ ಚೆನ್ನಲ್ಲ. ಊರಿನ ಕಲ್ಲಿನ ಫೋಟೋ ಮೊಬೈಲಿನಲ್ಲಿ ಒಯ್ದು ಊಟದ ಬಿಡುವಿನಲ್ಲಿ ಅವರಿಗೆ ತೋರಿಸಿದರೆ ಅವರೂ ಖುಷಿಯಿಂದ ನೋಡುತ್ತಾರೆ.

ರಾತ್ರಿಭೋಜನ ತ್ಯಾಗ ಇರುವವರು ಉತ್ಸವದ ದಿನ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಸಾಲಿನಲ್ಲಿ ನಿಂತು ಊಟ ಸಿಗುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಸೋಸಿದ ನೀರು ಇದ್ದರೆ ಚಿಂತೆಯಿಲ್ಲ. ಹೋಟೆಲಿನಲ್ಲಿ ಉಳ್ಳಾಗಡ್ಡಿ, ಆಲೂಗಡ್ಡೆ ಇಲ್ಲದ ಪಲ್ಯ ಕೇಳಿ ಸಿಗುವುದು ಕಷ್ಟ.

ನಿಮ್ಮ ಊರಿನ ಕಲ್ಲು

ಮ್ಯೂಸಿಯಂ ಭೇಟಿಯ ನಿಜವಾದ ಫಲ ಊರಿಗೆ ಮರಳಿದ ಮೇಲೆ ಸಿಗುತ್ತದೆ. ಅಲ್ಲಿ ನಿಷಿಧಿ ಕಲ್ಲು ನೋಡಿ ಬಂದವನಿಗೆ ತನ್ನ ಊರಿನ ಬಾವಿಕಟ್ಟೆಯ ಮೇಲಿನ ಕಲ್ಲು ಏನೆಂದು ತಿಳಿಯುತ್ತದೆ.

ನಮ್ಮ ಭಾಗದ ಹಳ್ಳಿಗಳಲ್ಲಿ ವೀರಗಲ್ಲು, ಮಹಾಸತಿ ಕಲ್ಲು, ನಿಷಿಧಿ ಮೂರೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗ. ಸತ್ತವನು ಜೈನನಾಗಿದ್ದರೆ ಮೇಲೆ ಜಿನಬಿಂಬ. ಮಹಾಸತಿ ಕಲ್ಲಿಗೆ ಬಳೆ ತೊಟ್ಟ, ಎತ್ತಿದ ಕೈ. ನಿಷಿಧಿಯಲ್ಲಿ ಕಾಳಗವಿಲ್ಲ. ಒಬ್ಬರು ಕುಳಿತಿರುತ್ತಾರೆ, ಎದುರಿಗೆ ಪಿಂಛ ಹಿಡಿದ ಮುನಿಗಳು, ನಡುವೆ ವ್ಯಾಸಪೀಠ. ಮೇಲಿನ ಪಟ್ಟಿಯಲ್ಲಿ ಚಾಮರಧಾರಿಗಳ ನಡುವೆ ಜಿನ. ಅದು ಸಲ್ಲೇಖನದಿಂದ ಸಮಾಧಿಮರಣ ಹೊಂದಿದವರ ನೆನಪು. ಶ್ರಾವಕ, ಶ್ರಾವಿಕೆಯರ ಹೆಸರು ಅದರಲ್ಲೇ ಬರೆದಿರಬಹುದು. ಬಟ್ಟೆ ಒಗೆಯುವ ಕಲ್ಲಾಗಿ, ದನ ಕಟ್ಟುವ ಗೂಟವಾಗಿ ಅಂಥವು ಸವೆದುಹೋಗಿವೆ.

ಇಂಥದ್ದು ಕಂಡರೆ ಮೊದಲ ಕೆಲಸ ಕದಲಿಸದಿರುವುದು. ತೊಳೆಯಲು ಆಸಿಡ್, ಹೊಳೆಯಲು ಎಣ್ಣೆ ಬಣ್ಣ ಬೇಡವೇ ಬೇಡ. ಭಕ್ತಿಯಿಂದ ಹಚ್ಚಿದ ಬಣ್ಣದಿಂದ ಅಕ್ಷರ ಮುಚ್ಚಿಹೋದ ಕಲ್ಲುಗಳು ಎಷ್ಟೋ. ಪಕ್ಕದಲ್ಲಿ ಸ್ಕೇಲ್ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಊರು, ಹೊಲದ ಸರ್ವೇ ನಂಬರ್, ಗುಡಿಯಿಂದ ಯಾವ ದಿಕ್ಕಿಗೆ, ಯಾರು ಯಾವಾಗ ಕಂಡರು, ಮೊದಲು ಬೇರೆ ಕಡೆ ಇತ್ತೆಂದು ಹಿರಿಯರು ಹೇಳುತ್ತಾರೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ವ್ಯಾಪಾರಿಗಳಿಗೆ ಇದು ಹೊಸದಲ್ಲ. ಪಾವತಿ ಇಲ್ಲದ ಸರಕು ಅಂಗಡಿಯಲ್ಲಿ ಇದ್ದರೂ ಇಲ್ಲದ ಲೆಕ್ಕ. ಎಲ್ಲಿಂದ ಬಂತೆಂಬುದು ತಿಳಿಯದ ಮೂರ್ತಿ ಮ್ಯೂಸಿಯಂನಲ್ಲಿ ಚೆಂದವಾಗಿ ನಿಂತಿರಬಹುದು, ಆದರೆ ಯಾವ ಊರಿನ ಬಸದಿಯದು, ಯಾವ ಶಾಸನಕ್ಕೆ ಹೊಂದುತ್ತದೆ ಎಂದು ಹೇಳಲು ಆಗುವುದಿಲ್ಲ.

ಶಾಸನ ಕಂಡೊಡನೆ “ಹೊಸದು ಸಿಕ್ಕಿತು” ಎಂದು ಪತ್ರಿಕೆಗೆ ಕೊಡುವ ಆತುರ ಬೇಡ. ಮುಂಬಯಿ-ಕರ್ನಾಟಕದ ಶಾಸನಗಳು ದಕ್ಷಿಣ ಭಾರತದ ಶಾಸನಗಳು ಮಾಲೆಯ 11, 15, 18, 20ನೆಯ ಸಂಪುಟಗಳಲ್ಲಿ ಅಚ್ಚಾಗಿವೆ. ರೋಣ, ನರಗುಂದ ತಾಲ್ಲೂಕಿನವು ಅದರಲ್ಲಿ ಬಹಳ. ದೊಡ್ಡ ಗ್ರಂಥಾಲಯದಲ್ಲಿ ಊರ ಹೆಸರು ಹುಡುಕಿ ನೋಡಿದ ಮೇಲೆ ಮಾತಾಡುವುದು ಒಳಿತು.

ನೆಲದೊಳಗಿಂದ ಸಿಕ್ಕದ್ದನ್ನು ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ಬಸದಿಗೆ ಸೇರಿಸಿಬಿಡೋಣ ಎಂದು ರಾತ್ರೋರಾತ್ರಿ ಸಾಗಿಸುವುದು ಪುಣ್ಯದ ಕೆಲಸವೆಂದು ತಿಳಿದವರಿದ್ದಾರೆ. ಕಾನೂನಿನ ಕಣ್ಣಿಗೆ ಅದು ಬೇರೆಯೇ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ, ಲೋಹದ ಬಿಂಬಗಳು ಪುರಾತನ ವಸ್ತುಗಳು; ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಸಾಕು. ಅಟ್ಟದ ಮೇಲಿನ ತಾಡೋಲೆ ಕಟ್ಟು, ಅಜ್ಜನ ಕಾಲದ ಬಹಿಖಾತೆ ಇವನ್ನು ರದ್ದಿಗೆ ಹಾಕುವ ಮೊದಲು ಬಲ್ಲವರಿಗೆ ತೋರಿಸಿ. ಶ್ರುತಪಂಚಮಿಯಂದು ಗ್ರಂಥ ಹೊರತೆಗೆದು ಪೂಜಿಸುವ ಮನೆಗಳಲ್ಲಿ ಅದೇ ದಿನ ಪಟ್ಟಿ ಬರೆದಿಡುವುದನ್ನೂ ಸೇರಿಸಿಕೊಂಡರೆ ಬೇರೆ ಮುಹೂರ್ತ ಹುಡುಕಬೇಕಿಲ್ಲ.

ಹೊರಡುವ ಮುನ್ನ

ಬಾದಾಮಿ, ಐಹೊಳೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 5. ಲಕ್ಕುಂಡಿಯ ಸಂಗ್ರಹಾಲಯದ ರಜೆ, ವೇಳೆಯನ್ನು ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಬಸದಿ, ಗುಡಿಗಳು ಶುಕ್ರವಾರವೂ ತೆರೆದಿರುತ್ತವೆ, ಆದ್ದರಿಂದಲೇ ಬಹಳ ಮಂದಿ ಮೋಸಹೋಗಿ ಮ್ಯೂಸಿಯಂ ಬಾಗಿಲಿನ ಬೀಗ ನೋಡಿ ಮರಳುತ್ತಾರೆ. ಮ್ಯೂಸಿಯಂ ಟಿಕೆಟ್ ಅಲ್ಪ ಮೊತ್ತದ್ದು, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬಾದಾಮಿಯ ಗುಹೆಗಳಿಗೆ ಬೇರೆ ಟಿಕೆಟ್. ಮೇಗುತಿ ಗುಡ್ಡದ ಮೇಲೆ ನೀರು ಸಿಗುವುದಿಲ್ಲ, ಕೆಳಗಿನಿಂದಲೇ ತುಂಬಿಕೊಂಡು ಹತ್ತಬೇಕು. ಹಿರಿಯರು ಹತ್ತಲಾಗದಿದ್ದರೆ ಅವರನ್ನು ಕೆಳಗೆ ಮ್ಯೂಸಿಯಂನಲ್ಲಿ ಅಂಬಿಕೆಯ ಹತ್ತಿರ ಕೂರಿಸಿ, ಮಕ್ಕಳು ಹತ್ತಿ ಇಳಿದು ಬರಲಿ.